ಬೀಗವನ್ನು ಎರಡು ಸಲ ಜಗ್ಗುವುದು

ಬೀಗ ಹಾಕಿದ ಮೇಲೆ ಅದನ್ನೊಮ್ಮೆ ಜಗ್ಗಿ ನೋಡುವುದು ಲೋಕರೂಢಿ; ನಾನು ಎರಡು ಸಲ ಜಗ್ಗುತ್ತೇನೆ. ಮೊದಲ ಸಲ ನೇರ ಕೆಳಕ್ಕೆ, ಎರಡನೆಯ ಸಲ ಸ್ವಲ್ಪ ಓರೆಯಾಗಿ, ಏಕೆಂದರೆ ಹಳೆಯ ಹಿತ್ತಾಳೆ ಬೀಗಗಳು ನೇರ ಎಳೆತಕ್ಕೆ ಬಿಗಿಯಾಗಿ ನಿಂತು ಓರೆ ಎಳೆತಕ್ಕೆ ಬಾಯಿ ಬಿಡುವುದನ್ನು ಕಂಡಿದ್ದೇನೆ. ಆಮೇಲೆ ಗೇಟಿನ ತನಕ ಹೋಗಿ ಒಮ್ಮೆ ತಿರುಗಿ ನೋಡುವುದೂ ಉಂಟು. ನನ್ನ ಹೆಂಡತಿ ರಸ್ತೆಯಲ್ಲಿ ಛತ್ರಿ ಹಿಡಿದು ಕಾಯುತ್ತಾ, "ಪಾಪ, ಬೀಗಕ್ಕೂ ಒಂದು ಮಾನ ಅಂತ ಇರುತ್ತೆ ಕಣ್ರೀ, ಒಂದು ಸಲ ನಂಬಿ ಅದನ್ನ" ಎನ್ನುತ್ತಾಳೆ. ನಂಬುವುದಾದರೆ ಬೀಗವೇ ಬೇಡವಲ್ಲ ಎಂದು ನಾನು. ಈ ಸಂಭಾಷಣೆ ಮುಗಿಯುವಷ್ಟರಲ್ಲಿ ಬಸ್ಸು ಹೋಗಿರುತ್ತದೆ.

ಈ ಗುಣ ನನಗೆ ಹುಟ್ಟಿನಿಂದ ಬಂದದ್ದಲ್ಲ, ದುಡಿಮೆಯಿಂದ ಬಂದದ್ದು. ಎಪ್ಪತ್ತರ ದಶಕದಲ್ಲಿ ಅತ್ತಿಗುಂಡಿಯ ಮೇಲಿನ ಒಂದು ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ರೈಟರ್ ಎಂದರೆ ಕಥೆ ಬರೆಯುವವನಲ್ಲ. ಆಳುಗಳ ಹಾಜರಿಯನ್ನೂ ಗೊಬ್ಬರದ ಚೀಲಗಳನ್ನೂ ಬಿದ್ದ ಮಳೆಯನ್ನೂ ಬರೆಯುವವನು. ಆಳುಗಳನ್ನು ಕರೆಯುವ ಗಂಟೆಯಾಗಿ ಕಂಬಕ್ಕೆ ನೇತುಹಾಕಿದ ರೈಲು ಹಳಿಯ ತುಂಡಿನ ಮೇಲೆ ಸುತ್ತಿಗೆ ಬಿದ್ದಾಗ ಇನ್ನೂ ಬೆಳಕು ಹರಿದಿರುತ್ತಿರಲಿಲ್ಲ, ಆದರೆ ನನ್ನ ಅಂಗಿಯ ಗುಂಡಿಗಳೆಲ್ಲ ಹಾಕಿ ಆಗಿರಬೇಕಿತ್ತು. ಅಲ್ಲಿ ದೊರೆ ಎನಿಸಿಕೊಂಡ ಎಸ್ಟೇಟಿನ ಯಜಮಾನರು, ಮಳೆಮಾಪಕ ನೋಡಿ ಬಂದ ನನ್ನನ್ನು "ನೋಡಿದೆಯಾ?" ಎಂದು ಎಂದೂ ಕೇಳಿದವರಲ್ಲ, "ಎರಡನೇ ಸಲ ನೋಡಿದೆಯಾ?" ಎಂದೇ ಕೇಳುತ್ತಿದ್ದರು. ಆ ಪ್ರಶ್ನೆ ನನ್ನ ಮೊಣಕೈಯಲ್ಲಿ ಉಳಿದುಕೊಂಡಿದೆ.

ಸಂಶಯದ ಪ್ರಾಣಿ ಎಂದು ನೀವು ನನ್ನನ್ನು ನೋಡಿ ನಗುವ ಮುನ್ನ ನಿಮ್ಮ ಮನೆಯನ್ನೇ ಒಮ್ಮೆ ನೋಡಿಕೊಳ್ಳಿ, ಮಿತ್ರರೇ. ಹಾಲನ್ನು ಮೂಸದೆ ಒಲೆಗಿಡುವವರಿದ್ದಾರೆಯೇ? ತೆಂಗಿನಕಾಯಿಯನ್ನು ಕಿವಿಯ ಬಳಿ ಕುಲುಕದೆ ಕೊಳ್ಳುವವರಿದ್ದಾರೆಯೇ? ಚಪ್ಪಲಿಯನ್ನು ಕೊಡವದೆ ಮೆಟ್ಟುವ, ಕಂಬಳಿಯನ್ನು ಝಾಡಿಸದೆ ಹೊದೆಯುವ, ಗುಡುಗು ಕೇಳಿಯೂ ರೇಡಿಯೋದ ಪ್ಲಗ್ಗು ಕೀಳದ ಮನೆ ನಮ್ಮ ಈ ಗುಡ್ಡಗಳಲ್ಲಿ ಒಂದಾದರೂ ಇದೆಯೇ? ಇವೆಲ್ಲ ಅನುಮಾನಗಳೇ. ಆದರೆ ತಲೆಯಿಂದ ಕೈಗೆ ಇಳಿದುಬಿಟ್ಟ ಅನುಮಾನಗಳು. ಕೈ ತನ್ನ ಪಾಡಿಗೆ ಶಂಕಿಸುತ್ತದೆ, ತಲೆಗೆ ಸುದ್ದಿಯನ್ನೂ ಮುಟ್ಟಿಸುವುದಿಲ್ಲ.

ಎಸ್ಟೇಟು ಬಿಟ್ಟು ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಕಾರ್ಖಾನೆಯ ಆಫೀಸು ನೋಡಿಕೊಳ್ಳಲು ಬಂದೆ. ಬೆಳೆಗಾರರು ತೋಟದಲ್ಲಿ ತೊಳೆದು ಒಣಗಿಸಿದ ಕಾಫಿ, ಮೇಲಿನ ತೆಳು ಸಿಪ್ಪೆಯೊಂದಿಗೇ, ಪಾರ್ಚ್‌ಮೆಂಟ್ ಎಂಬ ಹೆಸರಿನಲ್ಲಿ ಚೀಲ ಚೀಲವಾಗಿ ನಮ್ಮಲ್ಲಿಗೆ ಬರುತ್ತಿತ್ತು. ಹಲ್ಲರ್ ಯಂತ್ರದಲ್ಲಿ ಸಿಪ್ಪೆ ಬಿಡಿಸಿ, ಜರಡಿಯಾಡಿ, ಹೆಂಗಸರು ಸಾಲಾಗಿ ಕೂತು ಕಪ್ಪು ಬೀಜ ಆರಿಸಿದ ಮೇಲೆ, ಇಂಥವರ ಕಾಫಿಯಲ್ಲಿ ಇಂಥ ದರ್ಜೆಯ ಬೀಜ ಇಷ್ಟಿಷ್ಟು ಬಂತು ಎಂದು ಹೇಳಬೇಕು. ಅದಕ್ಕೆ ಔಟ್‌ಟರ್ನ್ ಎನ್ನುತ್ತಿದ್ದರು. ಆ ವೃತ್ತಿಯೇ ಶಂಕೆಯ ಮೇಲೆ ನಿಂತದ್ದು. ಚೀಲ ಇಳಿದ ಕೂಡಲೇ ಮೇಸ್ತ್ರಿ ಒಂದು ಹಿಡಿ ತೆಗೆದು ಮೂಸುವನು, ಮುಷ್ಟಿಯಲ್ಲಿ ಕುಲುಕಿ ಸದ್ದು ಕೇಳುವನು, ಒಂದು ಬೀಜವನ್ನು ಹಲ್ಲಿನಲ್ಲಿ ಕಚ್ಚುವನು. ಒಣಗಿದೆ ಎಂದು ಬೆಳೆಗಾರ ದೇವರ ಮೇಲೆ ಆಣೆಯಿಟ್ಟರೂ ಹಲ್ಲು ಹೇಳಿದ್ದೇ ಮಾತು.

ಹೀಗೆ ಮೂಗು, ಕಿವಿ, ಹಲ್ಲುಗಳಿಂದ ನಡೆಯುತ್ತಿದ್ದ ನಮ್ಮ ರಾಜ್ಯಕ್ಕೆ ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಒಂದು ಕಂಪ್ಯೂಟರ್ ಬಂತು. ಯುನಿಕ್ಸ್ ಎಂಬ ವ್ಯವಸ್ಥೆಯ ಮೇಲೆ ಓಡುವ ಯಂತ್ರ. ಕಬ್ಬಿಣದ ಒಂದು ಗೂಡು, ಅದಕ್ಕೆ ತಂತಿಯಿಂದ ಕಟ್ಟಿದ ಹಸಿರು ಅಕ್ಷರದ ಎರಡು ಪರದೆಗಳು, ಪಕ್ಕದಲ್ಲಿ ಗುಂಯ್‌ಗುಡುವ ಒಂದು ಸ್ಟೆಬಿಲೈಸರ್. ಅದನ್ನು ಹಳೆಯ ರೇಡಿಯೋ ಇದ್ದ ಕೋಣೆಯಲ್ಲಿ, ರೇಡಿಯೋದ ಪ್ಲಗ್ಗು ಇದ್ದ ಗೋಡೆಯ ಪಕ್ಕದಲ್ಲೇ ಕೂರಿಸಿದರು. ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕೆಂಬ ನಿಯಮ ಬಂತು. ಯಾರೋ ಕುಂಕುಮವನ್ನೂ ಹಚ್ಚಿದರು. ನಾನು ಮಾತ್ರ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, ಕಚ್ಚಿ ನೋಡುವ ಜಾಗ ಎಲ್ಲೂ ಕಾಣದೆ ಖಿನ್ನನಾದೆ. ಬಾಗಿಲು ಮುಚ್ಚಿಕೊಂಡು ಲೆಕ್ಕ ಹೇಳುವವನನ್ನು ನಾನು ಹೇಗೆ ನಂಬಲಿ?

ಇನ್ನೊಂದು ಸಂಗತಿ ತಿಳಿದಾಗಂತೂ ನನ್ನ ಶಂಕೆ ಗಟ್ಟಿಯಾಯಿತು. ಆ ಯಂತ್ರ, ನೀವು ಟೈಪು ಮಾಡಿದ್ದನ್ನು ಆ ಕ್ಷಣವೇ ಡಿಸ್ಕಿನ ಮೇಲೆ ಬರೆಯುವುದಿಲ್ಲವಂತೆ. ಸದ್ಯಕ್ಕೆ ನೆನಪಿನಲ್ಲಿಟ್ಟುಕೊಂಡು, "ಬರೆದಾಯಿತು" ಎಂದು ನಿಮಗೆ ಹೇಳಿ, ಪುರುಸೊತ್ತಾದಾಗ ಬರೆಯುತ್ತದಂತೆ! ಅತ್ತಿಗುಂಡಿಯಲ್ಲಿ ಹಾಜರಿಯನ್ನು ಹೀಗೆ ಬರೆಯುವ ರೈಟರನನ್ನು ಅಂದೇ ಗುಡ್ಡ ಇಳಿಸುತ್ತಿದ್ದರು. ಅದಕ್ಕೇ ಯಂತ್ರವನ್ನು ಆರಿಸುವಾಗ ಮೊದಲು ಅದಕ್ಕೆ ಹೇಳಬೇಕು, ಅದು ಮನಸ್ಸಿನಲ್ಲಿದ್ದುದನ್ನೆಲ್ಲ ಡಿಸ್ಕಿಗೆ ಇಳಿಸಬೇಕು, ಆಮೇಲಷ್ಟೇ ಸ್ವಿಚ್ಚು. ಹೇಳದೆ ಕೇಳದೆ ಕರೆಂಟು ತೆಗೆದರೆ ಅರ್ಧ ಬರೆದದ್ದು ಅರ್ಧಕ್ಕೇ ನಿಲ್ಲುತ್ತದೆ.

ಆ ಯಂತ್ರವನ್ನು ನಡೆಸಲು ಬಂದವಳು ಸಫಿಯಾ. ಕೊಟ್ಟಿಗೆಹಾರದ ಮೆಕ್ಯಾನಿಕ್ ಹಸನಬ್ಬನ ಮಗಳು. ಪೇಟೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಬಿ.ಕಾಂ. ಮುಗಿಸಿ, ಕಂಪ್ಯೂಟರ್ ಕಲಿತು ಬಂದಿದ್ದಳು. ಅವಳ ಮೇಜಿನ ಮೇಲೆ ಪೆನ್ಸಿಲ್ಲು, ರಬ್ಬರು, ಅಡಿಕೋಲು ಒಂದೇ ಗೆರೆಯಲ್ಲಿರುತ್ತಿದ್ದವು ಎಂಬ ಒಂದೇ ಕಾರಣಕ್ಕೆ ನನಗೆ ಅವಳ ಮೇಲೆ ಸದಭಿಪ್ರಾಯವಿತ್ತು. ಆದರೆ ಸದಭಿಪ್ರಾಯ ಬೇರೆ, ನಂಬಿಕೆ ಬೇರೆ. ಅವಳು ಸಂಜೆ ಹೊರಟ ಮೇಲೆ ಆ ಕೋಣೆಯ ಬೀಗವನ್ನೂ ನಾನು ಎರಡು ಸಲ ಜಗ್ಗುತ್ತಿದ್ದೆ.

ಅದೊಂದು ಮಾರ್ಚ್ ತಿಂಗಳು. ಕಳಸದ ಕಡೆಯ ಬೆಳೆಗಾರರೊಬ್ಬರು ತಮ್ಮ ಕಾಫಿಗೆ ಕೆಳದರ್ಜೆ ಬಂದಿದೆ, ಕಂಪ್ಯೂಟರಿನಲ್ಲಿ ತಪ್ಪು ಹೊಡೆದಿದ್ದಾರೆ ಎಂದು ತಕರಾರು ತೆಗೆದರು. ನಮ್ಮ ಮ್ಯಾನೇಜರ್ ರುದ್ರೇಗೌಡರು, ತಾವೂ ಬೆಳೆಗಾರರ ಮನೆಯವರೇ ಆದ್ದರಿಂದ, ಸಮಾಧಾನವಾಗಿ, "ಶನಿವಾರ ಬನ್ನಿ. ಸ್ಯಾಂಪಲ್ ರೂಮಲ್ಲಿ ದರ್ಜೆ ಬರೆದಿಟ್ಟ ಚೀಟಿನೂ ಕಂಪ್ಯೂಟರನ್ನೂ ನಿಮ್ಮೆದುರಿಗೇ ತಾಳೆ ನೋಡ್ಸೋಣ" ಎಂದು ಕಳಿಸಿದರು. ಅದೇ ವಾರದ ಆರಂಭದಲ್ಲಿ ಸಫಿಯಾ ಇಡೀ ಔಟ್‌ಟರ್ನ್ ಫೈಲನ್ನು ದರ್ಜೆವಾರು ಜೋಡಿಸುವ ಕೆಲಸಕ್ಕೆ ಯಂತ್ರವನ್ನು ಹಚ್ಚಿ, ಅದು ಬಹಳ ಹೊತ್ತು ಹಿಡಿಯುವ ಕೆಲಸವಾದ್ದರಿಂದ ಊಟಕ್ಕೆ ಹೋದಳು. ನಾನೂ ಮನೆಗೆ ಹೋದೆ.

ಆ ಮಧ್ಯಾಹ್ನವೇ ಆ ವರ್ಷದ ಮೊದಲ ಹೂಮಳೆ ಬಂತು. ಬಯಲುಸೀಮೆಯ ಓದುಗರಿಗೆ ಇದರ ಸಂಭ್ರಮ ಹೇಳದೆ ತಿಳಿಯದು. ಮೊಗ್ಗು ಹಿಡಿದು ಒಣಗಿ ನಿಂತ ಕಾಫಿ ಗಿಡಕ್ಕೆ ಆ ಒಂದು ಮಳೆ ಬಿದ್ದರೆ ವಾರದೊಳಗೆ ಗುಡ್ಡವೆಲ್ಲ ಬೆಳ್ಳಗೆ ಹೂ ಬಿಡುತ್ತದೆ. ಬೀಳದಿದ್ದರೆ ಮುಂದಿನ ಬೆಳೆಯ ಮಾತೇ ಇಲ್ಲ. ಗುಡುಗಿದರೆ ಬೇರೆ ಊರಿನವರು ಒಳಗೆ ಓಡುತ್ತಾರೆ. ನಮ್ಮವರು ಜಗಲಿಗೆ ಓಡುತ್ತಾರೆ. ನಾನು ಊಟ ಮುಗಿಸಿ ಬರುವಾಗ ಪೇಟೆಯ ಜನ ಮುಖದ ತುಂಬ ನಗು ಹೊತ್ತು ನೆನೆಯುತ್ತಾ ನಡೆಯುತ್ತಿದ್ದರು. ಆಫೀಸಿಗೆ ಬಂದರೆ ಸಫಿಯಾ ಒಬ್ಬಳೇ ನಗದೆ ನಿಂತಿದ್ದಳು.

"ಸರ್, ಇದು ತನ್ನಷ್ಟಕ್ಕೆ ಪುನಃ ಶುರುವಾಗಿ ಅರ್ಧಕ್ಕೆ ನಿಂತಿದೆ."

ನಿಜ. ಏಳಲು ಹೊರಟ ಯಂತ್ರ ಕೆಲವು ಸಾಲು ಬರೆದು, ಕಂಬಳಿ ಸರಿಸಿ ಮತ್ತೆ ಮಗ್ಗುಲಾದವನ ಹಾಗೆ ನಿಂತುಬಿಟ್ಟಿತ್ತು. ಕರೆಂಟು ಹೋಯಿತೆನ್ನಲು ದಾರಿಯಿರಲಿಲ್ಲ; ಸೀಸನ್ನಿನಲ್ಲಿ ಕಾರ್ಖಾನೆಯೆಲ್ಲ ನಮ್ಮದೇ ಜನರೇಟರಿನ ಮೇಲೆ ಓಡುತ್ತಿತ್ತು, ಹಲ್ಲರಿನ ಸದ್ದು ಒಂದು ಕ್ಷಣವೂ ನಿಂತಿರಲಿಲ್ಲ. ಮಾರಾಟಗಾರ ಕಂಪನಿಗೆ ಟ್ರಂಕ್ ಕಾಲ್ ಮಾಡಿದೆವು. ಇಂಜಿನಿಯರ್ ಬರುವ ತನಕ ನಾನು ಸುಮ್ಮನಿರುವವನೇ? ಶಂಕಿತರನ್ನೆಲ್ಲ ಸಾಲಾಗಿ ನಿಲ್ಲಿಸಿದೆ. ಮೊದಲು ಇಲಿ: ತಂತಿಗಳನ್ನು ಬೆರಳಲ್ಲಿ ತಡವಿ ನೋಡಿದೆ, ಹಲ್ಲಿನ ಗುರುತಿಲ್ಲ. ಆಮೇಲೆ ಹಲ್ಲಿ: ಗೂಡಿನ ಹಿಂಬದಿಗೆ ಟಾರ್ಚು ಬಿಟ್ಟೆ, ಜೇಡ ಮಾತ್ರ. ಹಲ್ಲರಿನಿಂದ ಹಾರಿ ಬರುವ ಹೊಟ್ಟಿನ ಧೂಳು, ಭೂಮಿಗೆ ಇಳಿಬಿಟ್ಟ ಅರ್ಥ್ ತಂತಿ. ಅದರ ಗುಂಡಿಗೆ ಉಪ್ಪು ಹಾಕಿ ನೀರು ಹೊಯ್ಯಿಸಿದೆ. ಕೊನೆಗೆ ಮನುಷ್ಯರು. ಯಂತ್ರದ ಕೋಣೆಗೆ ಯಾರು ಹೋಗಿದ್ದಿರಿ, ಏನು ಮಾಡಿದಿರಿ ಎಂದು ಜವಾನನಿಂದ ಮ್ಯಾನೇಜರರ ತನಕ ಒಬ್ಬೊಬ್ಬರನ್ನೂ ಕೇಳಿದೆ.

"ನಾನಾ? ಅಲ್ಲಿ ಕಿಟಕೀಲಿ ನಿಂತು ಮಳೆ ನೋಡ್ತಿದ್ದೆ ಮಾರಾಯ್ರೆ" ಎಂದರು ರುದ್ರೇಗೌಡರು. "ಎಂಥಾ ಮಳೆ! ಮೂಡಿಗೆರೆ ಕಡೆಗೂ ಬಿದ್ದಿದೆಯಂತೆ. ಮಷೀನ್ ಹತ್ರ ನಾನು ಸುಳಿಯೋದೇ ಇಲ್ಲ, ನಿಮಗೇ ಗೊತ್ತಲ್ಲ." ಗೊತ್ತಿತ್ತು. ಆ ಯಂತ್ರದ ಟೈಪು ಕೀಲಿಗಳನ್ನು ಅವರು ಕಾದ ಹಂಚಿನಂತೆ ದೂರವಿಡುತ್ತಿದ್ದರು.

ಆದರೆ ಅವರ ಮನಸ್ಸು ಆಗಲೇ ತನ್ನ ಶಂಕಿತೆಯನ್ನು ಆರಿಸಿಕೊಂಡಿತ್ತು. "ನೋಡಿ ಶೇಷಪ್ಪನೋರೆ, ಶನಿವಾರ ತಾಳೆ ನೋಡ್ತೀವಿ ಅಂದ್ವಿ. ಅಷ್ಟರಲ್ಲಿ ಮಷೀನ್ ಕೆಟ್ಟೋಯ್ತು. ಹುಡುಗಿ ತಪ್ಪು ಹೊಡ್ದಿದಾಳೆ, ಸಿಕ್ಕಿಬೀಳ್ತೀನಿ ಅಂತ ಏನೋ ಮಾಡಿದಾಳೆ. ಇಂಜಿನಿಯರ್ ಬಂದು ಹೇಳ್ಲಿ, ಶನಿವಾರ ಅವಳ ಲೆಕ್ಕ ಮುಗಿಸಿ ಕಳಿಸಿಬಿಡಿ." ಅದನ್ನು ಅವರು ಕೋಪದಿಂದಲ್ಲ, ದುಃಖದಿಂದ ಹೇಳಿದರು, ಅದೇ ನನಗೆ ಭಯ ಹುಟ್ಟಿಸಿತು. ಕೋಪದ ತೀರ್ಪನ್ನು ಮಾರನೆಯ ದಿನ ತಿದ್ದಬಹುದು, ದುಃಖದ ತೀರ್ಪನ್ನು ತಿದ್ದುವುದು ಕಷ್ಟ. ಚಿಕ್ಕಮಗಳೂರಿನಲ್ಲಿ ಆಗ ಕಂಪ್ಯೂಟರ್ ಇದ್ದ ಆಫೀಸುಗಳೇ ಅಪರೂಪ. ಒಂದರಿಂದ ಲೆಕ್ಕ ಅಳಿಸಿದವಳೆಂದು ಹೊರಬಿದ್ದರೆ ಇನ್ನೊಂದರ ಬಾಗಿಲು ಅವಳಿಗೆ ತೆರೆಯುತ್ತಿರಲಿಲ್ಲ.

ಸುದ್ದಿ ಬಸ್ಸಿಗಿಂತ ಮೊದಲು ಕೊಟ್ಟಿಗೆಹಾರ ಮುಟ್ಟಿ, ಹಸನಬ್ಬ ಗ್ರೀಸಿನ ಅಂಗಿಯಲ್ಲೇ ಬಂದು ನನ್ನ ಮೇಜಿನೆದುರು ನಿಂತ. ಮಗಳ ಪರ ವಾದಿಸಲು ಬಂದಿದ್ದಾನೆಂದುಕೊಂಡೆ. ಅವನು ಅವಳ ಕಡೆ ತಿರುಗಿಯೂ ನೋಡದೆ, "ಸಾಹೇಬ್ರೆ, ಇವಳೇ ಎಂತದೋ ಒತ್ತಿರ್ಬೇಕು" ಎಂದ.

"ಬಾಪಾ, ನಾನು ಎಂತದೂ ಒತ್ಲಿಲ್ಲ. ಊಟಕ್ಕೆ ಹೋಗಿದ್ದೆ."

"ಎಲ್ಲಾ ಡ್ರೈವರುಗಳೂ ಅದನ್ನೇ ಹೇಳೂದು, ಗಾಡಿ ತನ್ನಷ್ಟಕ್ಕೇ ನಿಂತ್ತು ಅಂತ. ನಾನು ಗಾಡಿ ನಿಂತ್ರೆ ಮೊದ್ಲು ಡ್ರೈವರನ್ನ ಬಯ್ತೇನೆ ಸಾಹೇಬ್ರೆ, ಆಮೇಲೆ ಬಾನೆಟ್ ತೆಗೀತೇನೆ. ಹತ್ರಲ್ಲಿ ಒಂಬತ್ತು ಸಲ ಡ್ರೈವರ್‌ದೇ ತಪ್ಪು."

"ಹತ್ತನೇದು ನಾನು, ಬಾಪಾ" ಎಂದಳು ಸಫಿಯಾ. ಧ್ವನಿ ಏರಿಸಲಿಲ್ಲ. ಮೇಜಿನ ಮೇಲಿದ್ದ ಅಡಿಕೋಲನ್ನಷ್ಟೇ ಸ್ವಲ್ಪ ಸರಿಸಿ ನೇರ ಮಾಡಿದಳು.

ಆ ಹೊತ್ತಿಗೆ ನನಗೆ ಹೊಳೆದ ಮಾತು ಇದು: ಅನುಮಾನಕ್ಕೂ ಒಂದು ಶಿಸ್ತು ಬೇಕು. ಇಲಿ, ಹಲ್ಲಿ, ಧೂಳು, ತಂತಿ, ಮ್ಯಾನೇಜರು, ನಾನು, ಎಲ್ಲರನ್ನೂ ಸರದಿಯಲ್ಲಿ ನಿಲ್ಲಿಸಿ ಸಮನಾಗಿ ಶಂಕಿಸಿದರೆ ಅದು ತಪಾಸಣೆ. ಸಾಲಿನಿಂದ ಒಬ್ಬರನ್ನು ಮಾತ್ರ ಎಳೆದು ನಿಲ್ಲಿಸಿ ಉಳಿದವರನ್ನು ಊಟಕ್ಕೆ ಕಳಿಸಿದರೆ ಅದಕ್ಕೆ ಬೇರೆ ಹೆಸರಿದೆ. ಮಗಳ ಮೇಲೆ ಪ್ರಾಣವಿಟ್ಟ ತಂದೆಗೂ ಹತ್ತಿರದವರನ್ನು ಶಂಕಿಸುವುದೇ ಸಲೀಸು. ದೂರದ ಯಂತ್ರವನ್ನು ಶಂಕಿಸಲು ಅದರ ಒಳಗೆ ಇಳಿಯಬೇಕಾಗುತ್ತದೆ.

ಶುಕ್ರವಾರ ಬೆಳಗಿನ ಬಸ್ಸಿಗೆ ಇಂಜಿನಿಯರ್ ವಾದಿರಾಜ ಬೆಂಗಳೂರಿನಿಂದ ಬಂದ. ಟೈ ಕಟ್ಟಿದ್ದ, ಸಂಜೆಯ ಬಸ್ಸಿನ ಮೇಲೆ ಕಣ್ಣಿಟ್ಟಿದ್ದ. ನನಗೆ ಅವನ ಮೇಲೂ ಅನುಮಾನವೇ. ಗೂಡನ್ನು ಬಿಚ್ಚಿ, ಒಳಗಿನ ಸರ್ಕಿಟ್ ಹಲಗೆಗಳನ್ನು ಒಂದೊಂದಾಗಿ ಕಿತ್ತು, ಅವುಗಳ ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಸಫಿಯಾಳ ಮೇಜಿನ ಮೇಲಿದ್ದ ಪೆನ್ಸಿಲ್ ರಬ್ಬರಿನಿಂದ ಗಸಗಸ ಉಜ್ಜಿದ. ಇಷ್ಟು ದೊಡ್ಡ ವಿದ್ಯೆಯ ಕೊನೆಗೆ ಶಾಲೆಯ ಮಕ್ಕಳ ರಬ್ಬರೇ ಎಂದು ನನಗೆ ಅನಿಸಿತು. ಆದರೆ ತುಕ್ಕು ಹಿಡಿದ ಬೀಗದ ಕೀಲಿಯನ್ನು ನಾನೂ ಸೀಮೆಎಣ್ಣೆಯಲ್ಲಿ ತಿಕ್ಕುವವನೇ, ಆದ್ದರಿಂದ ಒಳಗೊಳಗೇ ಸ್ವಲ್ಪ ಒಪ್ಪಿಕೊಂಡೆ. ಯಂತ್ರ ಆಗಲೂ ಏಳಲಿಲ್ಲ. ಆಮೇಲೆ ಚೀಲದಿಂದ ಒಂದು ಫ್ಲಾಪಿ ತೆಗೆದು, ಡಿಸ್ಕಿನ ನೆರವಿಲ್ಲದೆ ಆ ಫ್ಲಾಪಿಯಿಂದಲೇ ಯಂತ್ರವನ್ನು ಎಬ್ಬಿಸಿ, ಎಫ್-ಎಸ್-ಸಿ-ಕೆ ಎಂಬ, ಬಾಯಿಗೆ ಸಿಕ್ಕದ ಹೆಸರಿನ ಒಂದು ಆಜ್ಞೆ ಕೊಟ್ಟ.

ಆ ಆಜ್ಞೆಯ ಸ್ವಭಾವ ಕೇಳಿ ನನಗೆ ಮೊದಲ ಸಲ ಆ ಯಂತ್ರದ ಮೇಲೆ ಗೌರವ ಹುಟ್ಟಿತು. ಅದು ಡಿಸ್ಕು ಹೇಳುವ ಯಾವ ಮಾತನ್ನೂ ನಂಬುವುದಿಲ್ಲ. ಈ ಜಾಗ ಖಾಲಿ ಎಂದು ಡಿಸ್ಕು ಹೇಳಿದರೆ ಹೋಗಿ ನೋಡುತ್ತದೆ. ಈ ಫೈಲಿಗೆ ಇಂಥ ಹೆಸರು ಎಂದರೆ ಆ ಹೆಸರು ಎಲ್ಲಿ ಬರೆದಿದೆ ಎಂದು ಹುಡುಕುತ್ತದೆ. ಒಂದೇ ಜಾಗವನ್ನು ಇಬ್ಬರು ತಮ್ಮದೆನ್ನುತ್ತಿದ್ದಾರೆಯೇ ಎಂದು ತಾಳೆ ಹಾಕುತ್ತದೆ. ನನ್ನ ದೊರೆಯೇ ಮರುಹುಟ್ಟು ಪಡೆದು ಆ ಗೂಡಿನೊಳಗೆ ಸೇರಿದಂತಿತ್ತು. ತಪ್ಪು ಕಂಡ ಕಡೆಯಲ್ಲೆಲ್ಲ ಅದು ನಿಂತು, ಸರಿಪಡಿಸಲೇ ಎಂದು ಅಪ್ಪಣೆ ಕೇಳುತ್ತಿತ್ತು. ವಾದಿರಾಜ ಓದದೆಯೇ ಹೌದು, ಹೌದು, ಹೌದು ಎಂದು ಒತ್ತುತ್ತಾ ಹೋದ.

ಯಂತ್ರ ಎದ್ದಿತು. ಔಟ್‌ಟರ್ನ್ ಫೈಲು ಮಾತ್ರ ತನ್ನ ಜಾಗದಲ್ಲಿರಲಿಲ್ಲ. ಪ್ರತಿ ಶನಿವಾರ ಲೆಕ್ಕದ ನಕಲು ತೆಗೆದಿಡುವ ಟೇಪಿನಲ್ಲಿದ್ದದ್ದು ಹಿಂದಿನ ವಾರದ ಪ್ರತಿ. ಕಳಸದವರ ಕಾಫಿ ಅದರಲ್ಲಿ ಇನ್ನೂ ಸೇರಿರಲಿಲ್ಲ.

"ಡಿಲೀಟ್ ಆಗಿದೆ ಸರ್" ಎಂದ ವಾದಿರಾಜ, ಕೈ ಒರೆಸಿಕೊಳ್ಳುತ್ತಾ. "ಆಪರೇಟರ್ ಎರರ್ ಇರ್ಬಹುದು. ನಾನು ರಿಪೋರ್ಟ್ ಬರ್ದು ಐದರ ಬಸ್ಸಿಗೆ—"

"ಸ್ವಲ್ಪ ಕೂತ್ಕೊಳಿ" ಎಂದೆ. "ಅದು ನಿಮ್ಮನ್ನ ಅಷ್ಟು ಪ್ರಶ್ನೆ ಕೇಳ್ತು. ನೀವು ಎಲ್ಲದಕ್ಕೂ ಹೌದು ಅಂದ್ರಿ. ಯಾವುದಕ್ಕೆ ಹೌದು ಅಂದ್ರಿ?"

"ಅದು... ಯಾವಾಗಲೂ ಕೇಳುತ್ತೆ ಸರ್. ಎಲ್ಲಾರೂ ಹೌದು ಅಂತಾನೇ ಒತ್ತೋದು."

"ಓದದೆ ಸಹಿ ಹಾಕೋ ಪದ್ಧತಿ ನಮ್ಮಲ್ಲಿಲ್ಲ. ಕೊನೇದಾಗಿ ಏನು ಕೇಳ್ತು?"

ಸಫಿಯಾ ಹಿಂದಿನಿಂದ, "ಮತ್ತೆ ಜೋಡಿಸಲಾ ಅಂತ ಕೇಳಿತು ಸರ್. ನಾನು ನೋಡಿದೆ" ಎಂದಳು.

"ಜೋಡಿಸು ಅಂದ್ರಲ್ಲ, ಎಲ್ಲಿಗೆ ಜೋಡಿಸ್ತು?" ಎಂದೆ ವಾದಿರಾಜನಿಗೆ.

ಅವನು ಟೈ ಸಡಿಲಿಸಿ ಮತ್ತೆ ಕೂತ. ಆ ಯಂತ್ರದಲ್ಲಿ 'ಲಾಸ್ಟ್ ಅಂಡ್ ಫೌಂಡ್' ಎಂಬ ಒಂದು ಮೂಲೆ ಇದೆಯಂತೆ, ಬಸ್ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಗಂಟುಗಳನ್ನಿಡುವ ಕೋಣೆಯ ಹಾಗೆ. ಹೆಸರು ಕಳೆದುಕೊಂಡು ಅಲೆಯುವ ಫೈಲುಗಳನ್ನು ತಪಾಸಣೆ ಅಲ್ಲಿ ತಂದಿಡುತ್ತದೆ. ತೆರೆದು ನೋಡಿದರೆ, ಹೆಸರಿನ ಬದಲು ಬರಿಯ ಒಂದು ಅಂಕಿ ಹೊತ್ತು, ಒಂದು ದೊಡ್ಡ ಫೈಲು ಕೂತಿತ್ತು. ಒಡತಿಯ ಹೆಸರು ಸಫಿಯಾಳದೇ. ಒಳಗೆ ಕಳಸ, ಮೂಡಿಗೆರೆ, ಕೊಟ್ಟಿಗೆಹಾರ, ಎಲ್ಲರ ಕಾಫಿಯೂ ಸಾಲಾಗಿ ಇತ್ತು.

"ಅಳಿಸಿದ ಫೈಲೂ ಇಲ್ಲಿಗೇ ಬರುತ್ತಾ?" ಎಂದು ಕೇಳಿದೆ. ಈ ಉತ್ತರದ ಮೇಲೆ ಅವಳ ಹಣೆಬರಹ ನಿಂತಿತ್ತು.

"ಇಲ್ಲ ಸರ್" ಎಂದ ವಾದಿರಾಜ, ಈಗ ನಿಧಾನವಾಗಿ, ತಾನೇ ಯೋಚಿಸುತ್ತಾ. "ಅಳಿಸಿದ್ರೆ ಯಂತ್ರಕ್ಕೆ ಗೊತ್ತಿರುತ್ತೆ, ಜಾಗ ಬಿಟ್ಟುಕೊಡುತ್ತೆ, ಹುಡುಕೋದೇ ಇಲ್ಲ. ಇಲ್ಲಿಗೆ ಬರೋದು ಯಾರೂ ಅಳಿಸದೇ ಇದ್ದದ್ದು. ಫೈಲ್ ಇದೆ, ಅದರ ಹೆಸರು ಬರೆದಿದ್ದ ಪುಟ ಮಾತ್ರ ಕೆಟ್ಟಿದೆ. ಬರೀತಾ ಇದ್ದಾಗ ಕರೆಂಟ್ ಹೋದ್ರೆ ಹೀಗಾಗುತ್ತೆ." ಆಮೇಲೆ ಸಫಿಯಾಳ ಕಡೆ ತಿರುಗಿ, "ಸಾರಿ ಮೇಡಂ" ಎಂದ. ಆ ಪೇಟೆಯಲ್ಲಿ ಅವಳನ್ನು ಮೇಡಂ ಎಂದವನು ಅವನೇ ಮೊದಲಿರಬೇಕು.

ಯಾರನ್ನೂ ಕರೆಯುವ ಮೊದಲು ಆ ಫೈಲಿನ ಒಂದು ಪ್ರತಿಯನ್ನು ಟೇಪಿಗೆ ಇಳಿಸಿಕೊಡಿ ಎಂದು ನಾನು ಹಟ ಹಿಡಿದೆ. ಟೇಪನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿ, ಎರಡು ಸಲ ಜಗ್ಗಿ, ಆಮೇಲೆ ರುದ್ರೇಗೌಡರನ್ನು ಕರೆಸಿದೆ.

ಅವರು ಗೋಡೆಗೆ ಒರಗಿ ನಿಂತು ಎಲ್ಲವನ್ನೂ ಕೇಳಿದರು. ತೃಪ್ತಿಯಾದಂತೆ ಕಾಣಲಿಲ್ಲ. "ಆಯ್ತು ಶೇಷಪ್ಪನೋರೆ, ಅಳಿಸಿಲ್ಲ ಅಂತ್ಲೇ ಇಟ್ಕೊಳಿ. ಆದ್ರೆ ಜನರೇಟರ್ ನಿಂತಿಲ್ಲ, ಹಲ್ಲರ್ ನಿಂತಿಲ್ಲ. ಇದೊಂದಕ್ಕೇ ಕರೆಂಟು ಹೋಗುತ್ತಾ? ಯಾರೋ ಬೇಕು ಅಂತ ತೆಗ್ದಿರ್ಬೇಕು. ಈ ಕೋಣೇಲಿ ಇರೋಳು ಯಾರು? ಇವಳೇ. ಹುಡುಗಿ, ನಿಜ ಹೇಳು, ನಾನೇನೂ ಬಯ್ಯಲ್ಲ..."

ಸಫಿಯಾ ರಬ್ಬರನ್ನು ಎತ್ತಿ ಮೇಜಿನ ಮೇಲೆ ಅದರ ಗೆರೆಗೆ ಮರಳಿ ಇಟ್ಟಳು. ಅವಳು ಹೇಳಬೇಕಾದ್ದನ್ನು ಆಗಲೇ ಹೇಳಿಯಾಗಿತ್ತು. ಅಷ್ಟರಲ್ಲಿ ಮುಳ್ಳಯ್ಯನಗಿರಿಯ ಕಡೆಯಿಂದ ದೊಡ್ಡ ಪೀಪಾಯಿ ಉರುಳಿಸಿದಂತೆ ಗುಡುಗಿತು.

ಎಲ್ಲರ ಮುಖವೂ ಕಿಟಕಿಗೆ ತಿರುಗಿತು. ಅದು ನಮ್ಮ ಊರಿನ ಧರ್ಮ. ರುದ್ರೇಗೌಡರ ಮುಖ ಅರಳಿತು, ಆದರೆ ಮಾತು ನಿಲ್ಲಲಿಲ್ಲ. "ಒಳಗಿನೋರ ಕೈ ಇಲ್ದೆ ಇದು ಆಗೋ ಕೆಲಸ ಅಲ್ಲ, ನಾನು ಬರೆದುಕೊಡ್ತೀನಿ" ಎನ್ನುತ್ತಲೇ ಅವರು ಮೋಡದ ಕಪ್ಪನ್ನು ಕಣ್ಣಲ್ಲಿ ಅಳೆಯುತ್ತಾ, ಬಲಗೈಯನ್ನು ನೋಡದೆಯೇ ಗೋಡೆಗೆ ಚಾಚಿ, ಎಷ್ಟೋ ವರ್ಷ ರೇಡಿಯೋದ ಪ್ಲಗ್ಗು ಇದ್ದ ಆ ಜಾಗದಲ್ಲಿ ಈಗಿದ್ದ ಪ್ಲಗ್ಗನ್ನು ಹಿಡಿದು, ಸ್ವಲ್ಪ ಅಲುಗಿಸಿ, ಕಿತ್ತರು.

ಸ್ಟೆಬಿಲೈಸರಿನ ಗುಂಯ್‌ಗುಡುವಿಕೆ ನಿಂತಿತು. ಹಸಿರು ಅಕ್ಷರಗಳು ಕುಗ್ಗಿ ಒಂದು ಚುಕ್ಕೆಯಾಗಿ ಆರಿದವು. ಹೊರಗೆ ಹಲ್ಲರ್ ಓಡುತ್ತಲೇ ಇತ್ತು.

"ಎಂತದ್ರೀ ಎಲ್ಲಾ ಹೀಗೆ ನೋಡ್ತೀರಿ?" ಎಂದರು ಅವರು. "ಗುಡುಗ್ತಲ್ಲ ಮಾರಾಯ್ರೆ..."

ಆಮೇಲೆ ತಮ್ಮ ಕೈಯನ್ನು ತಾವೇ ನೋಡಿಕೊಂಡರು. ಅದರಲ್ಲಿ ಪ್ಲಗ್ಗು ಇತ್ತು. ಆ ನೋಟವನ್ನು ನಾನು ಮರೆಯಲಾರೆ. ಯಾರದೋ ಕೈ ತಮ್ಮ ತೋಳಿನ ತುದಿಯಲ್ಲಿ ಬಂದು ಕೂತಿದೆ ಎಂಬಂತೆ ನೋಡಿದರು. ಅಂದು ಮಳೆ ನೋಡುತ್ತಾ ನಿಂತದ್ದು ನಿಜ, ಯಂತ್ರದ ಬಳಿ ಸುಳಿಯದಿದ್ದದ್ದೂ ನಿಜ. ಅವರು ಒಂದಕ್ಷರ ಸುಳ್ಳು ಹೇಳಿರಲಿಲ್ಲ. ಗುಡುಗಿದಾಗ ಪ್ಲಗ್ಗು ಕೀಳುವುದನ್ನೂ, ಗುಡುಗು ದೂರವಾದಾಗ ಮತ್ತೆ ಸಿಕ್ಕಿಸುವುದನ್ನೂ ನಮ್ಮಲ್ಲಿ ಯಾರೂ 'ಮಾಡಿದೆ' ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಉಸಿರಾಡಿದೆ ಎಂದು ಯಾರೂ ಹೇಳದ ಹಾಗೆ. ಯಂತ್ರವನ್ನು ಸಿಡಿಲಿನಿಂದ ಕಾಪಾಡಲು ಹೋದ ಕೈಯೇ ಅದರ ಬಾಯಲ್ಲಿದ್ದ ತುತ್ತನ್ನು ಅರ್ಧಕ್ಕೆ ಕಿತ್ತಿತ್ತು.

"ಸರ್, ಈಗ್ಲೇ ಪುನಃ ಸಿಕ್ಕಿಸ್ಬೇಡಿ" ಎಂದಳು ಸಫಿಯಾ, ಮೆಲ್ಲಗೆ. "ಗುಡುಗು ನಿಲ್ಲಲಿ. ಆಮೇಲೆ ನಾನು ಎಬ್ಬಿಸ್ತೇನೆ."

ಗುಡುಗು ನಿಂತಿತು. ಯಂತ್ರವನ್ನು ಅವಳೇ ಎಬ್ಬಿಸಿದಳು. ಅದು ಕೇಳಿದ ಪ್ರತಿ ಪ್ರಶ್ನೆಯನ್ನೂ ಗಟ್ಟಿಯಾಗಿ ಓದಿ, ಅರ್ಥ ಹೇಳಿ, ಆಮೇಲೆ ಹೌದೆಂದು ಒತ್ತಿದಳು. ವಾದಿರಾಜ ಬಸ್ಸು ತಪ್ಪಿಸಿಕೊಂಡು ಪಕ್ಕದಲ್ಲಿ ಕೂತು ಕೇಳಿದ. ಶನಿವಾರ ಕಳಸದವರೆದುರಿಗೆ ಚೀಟಿಗಳೂ ಫೈಲೂ ತಾಳೆಯಾದವು. ಅವರ ಕಾಫಿ ಸರಿಯಾಗಿ ಒಣಗಿರಲಿಲ್ಲ, ಅಷ್ಟೇ. ಮೇಸ್ತ್ರಿಯ ಹಲ್ಲು ಅದನ್ನು ಮೊದಲೇ ಹೇಳಿತ್ತು.

ರುದ್ರೇಗೌಡರು ಸಫಿಯಾಳ ಕ್ಷಮೆ ಕೇಳಿದ್ದನ್ನು ನಾನು ಕೇಳಲಿಲ್ಲ. ಆ ಮನೆತನದವರಿಗೆ ಆ ಮಾತು ಬಾಯಲ್ಲಿ ಬರುವುದಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಮನೆ ಮುಂದೆ ಜೀಪು ನಿಲ್ಲಿಸಿ, "ಬನ್ನಿ, ಕೊಟ್ಟಿಗೆಹಾರಕ್ಕೆ ಹೋಗ್ಬರೋಣ. ಗಾಡಿ ಯಾಕೋ ಸರಿ ಇಲ್ಲ" ಎಂದರು. ದಾರಿಯುದ್ದಕ್ಕೂ ಆ ಜೀಪು ಮಗುವಿನ ಹಾಗೆ ಹೇಳಿದ ಮಾತು ಕೇಳಿತು. ಇಕ್ಕೆಲದ ತೋಟಗಳಲ್ಲಿ ಹೂ ಬಿಡಲು ತೊಡಗಿ, ಮಲ್ಲಿಗೆ ಮುಡಿದವರ ಗುಂಪಿನಲ್ಲಿ ಹಾದು ಹೋದ ಹಾಗಿತ್ತು. ಹಸನಬ್ಬ ಬಾನೆಟ್ ತೆಗೆದ, ಕಿವಿಯಿಟ್ಟ, ಪ್ಲಗ್ಗು ಬಿಚ್ಚಿ ಒರೆಸಿದ, ಕೆಳಗೆ ನುಗ್ಗಿ ಹೊರಬಂದ.

"ಗಾಡೀಲಿ ಎಂತದೂ ಇಲ್ಲ ಗೌಡ್ರೆ. ಹೊಸಾದರ ಹಾಗೆ ಇದೆ."

"ಗೊತ್ತು ಮಾರಾಯ" ಎಂದರು ರುದ್ರೇಗೌಡರು, ರಸ್ತೆಯ ಕಡೆ ನೋಡುತ್ತಾ. "ಡ್ರೈವರ್‌ದೇ ತಪ್ಪು."

ಹಸನಬ್ಬ ಬಹಳ ಹೊತ್ತು ಬಾನೆಟ್ಟನ್ನು ಒರೆಸಿದ. ಆಮೇಲೆ ಮೂರು ಚಹಾ ತರಿಸಿದ.

ಆ ಪ್ಲಗ್ಗಿಗೆ ನಾನು ಮರದ ಒಂದು ಪೆಟ್ಟಿಗೆ ಮಾಡಿಸಿ ಬೀಗ ಹಾಕಿಸಿದೆ. ಕೀಲಿ ಸಫಿಯಾಳ ಬಳಿ. ಇಂದು ನಾನು ನಿವೃತ್ತ. ಇಲಿಯನ್ನೂ ಇಂಜಿನಿಯರನ್ನೂ ಬಿಡದೆ ಶಂಕಿಸಿದವನು ನಾನು, ಆದರೆ ಯಾರನ್ನೂ, ನನ್ನನ್ನೂ ಸೇರಿಸಿ, ನಿಮ್ಮ ಕೈ ಏನು ಮಾಡಿತು ಎಂದು ಕೇಳಲು ನನಗೆ ತೋಚಲಿಲ್ಲ. ನೀವೇನು ಮಾಡಿದಿರಿ ಎಂದಷ್ಟೇ ಕೇಳಿದೆ.

ಮೊನ್ನೆ ಸಂಜೆ ನಾವಿಬ್ಬರೂ ಹೊರಗೆ ಹೊರಟಿದ್ದೆವು. ಬೀಗ ಹಾಕಿ ಮೊದಲ ಸಲ ಜಗ್ಗಿದೆ, ಅದು ಕಳ್ಳನಿಗೆ. ಎರಡನೆಯದಕ್ಕೆ ಕೈ ಮುಂದಾಗುವಷ್ಟರಲ್ಲಿ ಹೆಂಡತಿ, "ಅಲ್ಲ, ಒಳಗೆ ವಾರ್ತೆ ಬರ್ತಿತ್ತಲ್ಲ, ಯಾವಾಗ ನಿಂತ್ತು ಅದು?" ಎಂದಳು. ಆಕಾಶ ನೋಡಿದೆ. ದೂರದಲ್ಲಿ ಗುಡುಗುತ್ತಿತ್ತು. ಬೀಗ ತೆಗೆದು ಒಳಗೆ ಹೋಗಿ ನೋಡಿದರೆ ರೇಡಿಯೋದ ಪ್ಲಗ್ಗು ಗೋಡೆಯಿಂದ ಹೊರಬಂದು, ಅಚ್ಚುಕಟ್ಟಾಗಿ ತಂತಿ ಸುತ್ತಿಸಿಕೊಂಡು, ಮೇಜಿನ ಅಂಚಿಗೆ ಸರಿಯಾಗಿ ಕೂತಿತ್ತು. ಹಾಗೆ ತಂತಿ ಸುತ್ತುವವನು ಈ ಮನೆಯಲ್ಲಿ ನಾನೊಬ್ಬನೇ. ಮತ್ತೆ ಬಾಗಿಲು ಹಾಕಿ, ಎರಡನೆಯ ಸಲ ಓರೆಯಾಗಿ ಜಗ್ಗಿದೆ. ಬೀಗ ಅಲುಗಲಿಲ್ಲ. ನಾನು ಆಗ ನೋಡುತ್ತಿದ್ದದ್ದು ಬೀಗವನ್ನಲ್ಲ.